ದೊರೆಯಾಗಿ ಹೋಗಿ ಸಾಲವಾಗಿ ಬಂದ 'ಚೆಕ್'

ಟೆಹರಾನಿನ ಬಜಾರಿನಲ್ಲಿ ಸಗಟು ವ್ಯಾಪಾರಿ ಸರಕು ಕೊಟ್ಟು ಕೈಗೆ ತೆಗೆದುಕೊಳ್ಳುವುದು ಎಷ್ಟೋ ಸಲ ನೋಟಿನ ಕಂತೆಯನ್ನಲ್ಲ. ಕೆಲವು ತಿಂಗಳು ಮುಂದಿನ ತಾರೀಖು ಬರೆದ ಒಂದು ಕಾಗದವನ್ನು. ಅದಕ್ಕೆ ಅಲ್ಲಿನವರು ಹೇಳುವ ಹೆಸರು 'ಚೆಕ್'. ಈ ಪದ ಅವರಿಗೆ ಬಂದದ್ದು ಪಶ್ಚಿಮದಿಂದ, ಬ್ಯಾಂಕುಗಳ ಜೊತೆಗೆ. ಆದರೆ ಇಂಗ್ಲಿಷಿನ ಆ ಪದದ ಬೇರು ಹುಡುಕಿಕೊಂಡು ಹೊರಟರೆ ದಾರಿ ಮತ್ತೆ ಇರಾನಿಗೇ ಬಂದು ನಿಲ್ಲುತ್ತದೆ. ಒಂದು ಕಾಲಕ್ಕೆ ಪಾರಸಿಗಳು ಜಗತ್ತಿಗೆ ಕೊಟ್ಟ 'ದೊರೆ' ಎಂಬ ಪದವೇ ವೇಷ ಬದಲಿಸಿ 'ಸಾಲದ ಕಾಗದ'ವಾಗಿ ಅವರ ಮನೆಗೆ ಹಿಂತಿರುಗಿದೆ.

ಪಾರಸಿ ಇಂದು ಮೂರು ದೇಶಗಳ ದೊಡ್ಡ ಭಾಷೆ. ಇರಾನಿನಲ್ಲಿ ಅದನ್ನು ಫಾರ್ಸಿ ಎನ್ನುತ್ತಾರೆ, ಆಫ್ಘಾನಿಸ್ತಾನದಲ್ಲಿ ದರಿ, ತಾಜಿಕಿಸ್ತಾನದಲ್ಲಿ ತಾಜಿಕಿ. ಈ ಭಾಷಿಕರ ದಿನನಿತ್ಯದ ಮಾತಿನಲ್ಲಿ 'ಚೆಕ್' ಎಂಬ ಎರಡಕ್ಷರ ಎಷ್ಟು ಕೆಲಸ ಮಾಡುತ್ತದೆ ಎಂಬುದು ಸ್ವಾರಸ್ಯದ ಸಂಗತಿ.

ಒಂದೇ ಬರಹ, ಹಲವು ಅರ್ಥ

ಇರಾನಿನಲ್ಲಿ 'ಚೆಕ್ ಕರ್ದನ್' ಎಂದರೆ ಪರೀಕ್ಷಿಸುವುದು. ಕಾರಿನ ಎಣ್ಣೆ, ಟಿಕೆಟ್ಟಿನ ತಾರೀಖು, ಮಕ್ಕಳ ಮನೆಪಾಠ ಎಲ್ಲವನ್ನೂ 'ಚೆಕ್' ಮಾಡುತ್ತಾರೆ. ವೈದ್ಯರ ಬಳಿ ಹೋಗುವುದು 'ಚೆಕಪ್'ಗಾಗಿ. ಈ ಮಟ್ಟಿಗೆ ಕನ್ನಡಿಗರ ಬಳಕೆಗೂ ಅವರ ಬಳಕೆಗೂ ಹೆಚ್ಚಿನ ಅಂತರವಿಲ್ಲ.

ಹಣದ ಚೆಕ್ಕಿನ ವಿಷಯಕ್ಕೆ ಬಂದರೆ ಪದದ ಸಂಸಾರ ದೊಡ್ಡದಾಗುತ್ತದೆ. ಚೆಕ್ ಪುಸ್ತಕ 'ದಸ್ತೆ ಚೆಕ್'. ಮುಂದಿನ ತಾರೀಖಿನದು 'ಚೆಕೆ ವಾದೆದಾರ್', ಅಂದರೆ ವಾಯಿದೆಯ ಚೆಕ್. ಕನ್ನಡದ 'ವಾಯಿದೆ'ಯೂ ಪಾರಸಿಯ 'ವಾದೆ'ಯೂ ಒಂದೇ ಅರಬ್ಬಿ ಮೂಲದ ಪದಗಳು. ಜಾಮೀನಿಗಾಗಿ ಕೊಟ್ಟಿಡುವುದು 'ಚೆಕೆ ತಜ್ಮೀನಿ'. ಮೊತ್ತ ಬರೆಯದೆ ಸಹಿ ಮಾತ್ರ ಹಾಕಿಕೊಡುವುದು 'ಚೆಕೆ ಸಫೀದ್ ಇಮ್ಜಾ', ಬಿಳಿ ಸಹಿಯ ಚೆಕ್. ಖಾತೆಯಲ್ಲಿ ಹಣವಿಲ್ಲದೆ ಬರೆದದ್ದು 'ಚೆಕೆ ಬೀಮಹಲ್', ಅಂದರೆ ನೆಲೆಯಿಲ್ಲದ ಚೆಕ್. ಅದು ಬ್ಯಾಂಕಿನಿಂದ ವಾಪಸು ಬಂದರೆ 'ಚೆಕೆ ಬರ್ಗಶ್ತಿ', ತಿರುಗಿ ಬಂದ ಚೆಕ್. ಒಂದು ಸಮಾಜದಲ್ಲಿ ಯಾವ ವಸ್ತುವಿನ ಚಿಂತೆ ಹೆಚ್ಚೋ ಅದಕ್ಕೆ ಹೆಸರುಗಳೂ ಹೆಚ್ಚು ಎಂಬ ಮಾತಿಗೆ ಇದು ಒಳ್ಳೆಯ ಉದಾಹರಣೆ.

ಪಾರಸಿ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹೀಗಾಗಿ 'ಚ' ಮತ್ತು 'ಕ' ಎಂಬ ಎರಡು ಅಕ್ಷರಗಳನ್ನು ಜೋಡಿಸಿ ಬರೆದರೆ ಅದು ಬ್ಯಾಂಕಿನ ಚೆಕ್ಕೂ ಆಗಬಹುದು, ಚೆಕ್ ಜನಾಂಗದ ಹೆಸರೂ ಆಗಬಹುದು. ಸ್ವರ ಬದಲಿಸಿ 'ಚಕ್' ಎಂದು ಓದಿದರೆ ಕೆನ್ನೆಯ ಮೇಲಿನ ಏಟು! 'ಚಕ್ ಒ ಚೂನೆ' ಎಂಬ ಮಾತಿನಲ್ಲಿ ಅದೇ ಬರಹಕ್ಕೆ ದವಡೆ ಎಂಬ ಅರ್ಥ. ದವಡೆ ಗಲ್ಲಗಳನ್ನು ಬಡಿಯುವುದು ಎಂದರೆ ಚೌಕಾಶಿ ಮಾಡುವುದು. ಚೌಕಾಶಿ ಮಾಡಿ, ಚೆಕ್ ಬರೆದು, ಕೊನೆಗೆ ಏಟು ತಿನ್ನುವುದು, ಎಲ್ಲವೂ ಒಂದೇ ಬರಹದಲ್ಲಿ ಅಡಗಿದೆ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುವುದು ಓದುಗನ ಜವಾಬ್ದಾರಿ.

ತಾಜಿಕಿಸ್ತಾನದ ಕಥೆ ತುಸು ಬೇರೆ. ಅಲ್ಲಿ ದೀರ್ಘಕಾಲ ರಷ್ಯನ್ ಭಾಷೆಯ ಪ್ರಭಾವವಿತ್ತು. ರಷ್ಯನ್ನಿನಲ್ಲಿ 'ಚೆಕ್' ಎಂದರೆ ಬ್ಯಾಂಕಿನ ಚೆಕ್ ಮಾತ್ರವಲ್ಲ, ಅಂಗಡಿಯ ರಸೀದಿಯೂ ಹೌದು. ಆ ಅರ್ಥ ತಾಜಿಕಿಗೂ ಇಳಿದಿದೆ. ಒಂದೇ ಭಾಷೆಯ ಇಬ್ಬರಲ್ಲಿ ಒಬ್ಬನಿಗೆ ಚೆಕ್ ಎಂದರೆ ಮುಂದೆ ಕೊಡಬೇಕಾದ ಹಣ, ಇನ್ನೊಬ್ಬನಿಗೆ ಆಗಲೇ ಕೊಟ್ಟು ಮುಗಿದ ಹಣ.

ರಾಜನಿಗೆ ಕೊಟ್ಟ ಎಚ್ಚರಿಕೆ

ಇಂಗ್ಲಿಷಿನ 'ಚೆಕ್' ಹುಟ್ಟಿದ್ದು ಬ್ಯಾಂಕಿನಲ್ಲಲ್ಲ, ಚದುರಂಗದ ಮಣೆಯ ಮೇಲೆ. ಭಾರತದ 'ಚತುರಂಗ' ಆರನೆಯ ಶತಮಾನದ ಹೊತ್ತಿಗೆ ಇರಾನಿಗೆ ಹೋಗಿ 'ಚತ್ರಂಗ್' ಆಯಿತು. ಭಾರತದ ದೊರೆಯೊಬ್ಬ ಈ ಆಟವನ್ನು ಒಗಟಿನಂತೆ ಸಸಾನಿ ಚಕ್ರವರ್ತಿ ಖುಸ್ರೋ ಅನೂಶಿರ್ವಾನನ (ಆಳ್ವಿಕೆ ಕ್ರಿ.ಶ. 531-579) ಆಸ್ಥಾನಕ್ಕೆ ಕಳುಹಿಸಿದನೆಂದೂ, ಮಂತ್ರಿ ಬುಜುರ್ಗ್‌ಮೆಹರ್ ಅದನ್ನು ಬಿಡಿಸಿದನೆಂದೂ ಪಹ್ಲವಿ ಭಾಷೆಯ ಕಥೆಯೊಂದು ಹೇಳುತ್ತದೆ. ಕ್ರಿ.ಶ. 1010ರ ಸುಮಾರಿಗೆ ಫಿರ್ದೌಸಿ ಮುಗಿಸಿದ 'ಶಾಹನಾಮೆ'ಯಲ್ಲಿಯೂ ಈ ಕಥೆ ಇದೆ. ಕಥೆ ಎಷ್ಟು ನಿಜವೋ, ಆಟ ಹೋದ ದಾರಿಯಂತೂ ನಿಜ. ಕನ್ನಡದ 'ಚದುರಂಗ'ವೂ ಪಾರಸಿಯ 'ಚತ್ರಂಗ್' ಕೂಡ ಒಂದೇ ತಾಯಿಯ ಮಕ್ಕಳು.

ಇರಾನಿಗಳು ಮಣೆಯ ಮೇಲಿನ ರಾಜನನ್ನು ತಮ್ಮ ಭಾಷೆಯಲ್ಲಿ 'ಶಾಹ್' ಎಂದು ಕರೆದರು. ಇದು ಬಹಳ ಹಳೆಯ ಪದ. ಕ್ರಿ.ಪೂ. 520ರ ಸುಮಾರಿಗೆ ಚಕ್ರವರ್ತಿ ದಾರಯವಹು ಬೆಹಿಸ್ತೂನ್ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಇದರ ಪೂರ್ವರೂಪ 'ಕ್ಷಾಯಥಿಯ' ಎಂದಿದೆ. ಆಳು, ಒಡೆತನ ಹೊಂದು ಎಂಬ ಅರ್ಥದ ಇದರ ಧಾತುವಿಗೂ ಸಂಸ್ಕೃತದ 'ಕ್ಷತ್ರ', 'ಕ್ಷತ್ರಿಯ' ಪದಗಳಿಗೂ ರಕ್ತಸಂಬಂಧವಿದೆ. ಬಿಜಾಪುರದ ಆದಿಲ್ ಶಾಹಿ, ಬೀದರಿನ ಬರೀದ್ ಶಾಹಿ ಅರಸರ ಬಿರುದಿನಲ್ಲಿ ಕನ್ನಡ ನಾಡು ಶತಮಾನಗಳ ಕಾಲ ಕೇಳಿದ್ದು ಇದೇ 'ಶಾಹ್' ಪದವನ್ನು.

ಆಟದಲ್ಲಿ ರಾಜನ ಮೇಲೆ ದಾಳಿ ಬಂದಾಗ ಎದುರಾಳಿ 'ಶಾಹ್!' ಎಂದು ಕೂಗಿ ಎಚ್ಚರಿಸಬೇಕಿತ್ತು. ರಾಜನಿಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲವಾದರೆ 'ಶಾಹ್ ಮಾತ್'. ಇದಕ್ಕೆ 'ರಾಜ ಸತ್ತ' ಎಂಬ ಅರ್ಥವನ್ನು ಅರಬ್ಬಿಯ ಮೂಲಕ ಹೇಳುವುದುಂಟು. ಪಾರಸಿಯಲ್ಲಿ 'ಮಾತ್' ಎಂದರೆ ದಿಕ್ಕುಗಾಣದವನು, ಬೆರಗಾದವನು. ಆದ್ದರಿಂದ 'ರಾಜ ದಿಕ್ಕೆಟ್ಟ' ಎಂಬುದೇ ಸರಿ ಎನ್ನುವ ವಿದ್ವಾಂಸರೂ ಇದ್ದಾರೆ. ಆಟದಲ್ಲಿ ರಾಜನನ್ನು ಕೊಲ್ಲುವುದಿಲ್ಲ, ಕಟ್ಟಿಹಾಕುವುದಷ್ಟೇ ಎಂಬುದನ್ನು ನೆನೆದರೆ ಎರಡನೆಯ ಅರ್ಥ ಹೆಚ್ಚು ಹೊಂದುವಂತೆ ಕಾಣುತ್ತದೆ.

ಅರಬರು ಇರಾನನ್ನು ಗೆದ್ದ ಮೇಲೆ ಆಟವನ್ನೂ ಕಲಿತರು. ಅವರೊಡನೆ ಅದು ಸ್ಪೇನ್ ಮತ್ತು ಇಟಲಿಯ ಕಡೆಗೆ ಸಾಗಿತು. ಲ್ಯಾಟಿನ್ ಬಲ್ಲ ಪಾದ್ರಿಗಳ ಬಾಯಲ್ಲಿ 'ಶಾಹ್' ಎಂಬುದು 'ಸ್ಕಾಕುಸ್' ಆಯಿತು. ಹಳೆಯ ಫ್ರೆಂಚಿನಲ್ಲಿ 'ಎಶೆಕ್' ಆಯಿತು. ಇಂಗ್ಲಿಷಿಗೆ ಬರುವಾಗ ಮೊದಲ ಸ್ವರ ಉದುರಿ 'ಚೆಕ್' ಉಳಿಯಿತು. ಅದರ ಬಹುವಚನದಿಂದಲೇ ಆಟದ ಹೆಸರು 'ಚೆಸ್' ಬಂತು. ಅಂದರೆ ಇಂಗ್ಲಿಷರು 'ಚೆಸ್' ಎಂದಾಗಲೆಲ್ಲ ತಿಳಿಯದೆಯೇ 'ರಾಜರು' ಎನ್ನುತ್ತಿದ್ದಾರೆ.

ಚೌಕಳಿ ಬಟ್ಟೆಯ ಲೆಕ್ಕ

ಆಟದ ಪದ ಹಣದ ಪದವಾದದ್ದು ಹೇಗೆ? ಇದರ ಉತ್ತರ ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿದೆ. ಅಲ್ಲಿನ ರಾಜನ ಕಂದಾಯದ ಲೆಕ್ಕ ನೋಡುವ ಕಚೇರಿಯಲ್ಲಿ ಹತ್ತು ಅಡಿ ಉದ್ದ, ಐದು ಅಡಿ ಅಗಲದ ಒಂದು ಮೇಜಿತ್ತು. ಅದರ ಮೇಲೆ ಗೆರೆಗಳಿದ್ದ ಕಪ್ಪು ಬಟ್ಟೆ ಹಾಸುತ್ತಿದ್ದರು. ಗೆರೆಗಳ ನಡುವಿನ ಮನೆಗಳಲ್ಲಿ ಬಿಲ್ಲೆಗಳನ್ನಿಟ್ಟು ಪೆನ್ಸ್, ಶಿಲಿಂಗ್, ಪೌಂಡುಗಳ ಲೆಕ್ಕ ಮಾಡುತ್ತಿದ್ದರು. ಚದುರಂಗದ ಮಣೆಯನ್ನು ಹೋಲುತ್ತಿದ್ದ ಈ ಮೇಜಿನಿಂದಾಗಿ ಇಡೀ ಕಚೇರಿಗೇ 'ಎಕ್ಸ್‌ಚೆಕರ್' ಎಂಬ ಹೆಸರು ಬಂತು.

ಅಲ್ಲಿ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ 1170ರ ದಶಕದ ಕೊನೆಯಲ್ಲಿ ಬರೆದ ಗ್ರಂಥದಲ್ಲಿ ಈ ಹೋಲಿಕೆಯನ್ನು ವಿವರಿಸಿದ್ದಾನೆ. ಮೇಜಿನ ಒಂದು ಕಡೆ ಖಜಾಂಚಿ, ಇನ್ನೊಂದು ಕಡೆ ಕಂದಾಯ ವಸೂಲಿ ಮಾಡಿ ತಂದ ಜಿಲ್ಲಾಧಿಕಾರಿ. ಇಬ್ಬರ ನಡುವಿನದು ಆಟವೇ ಎಂಬುದು ಅವನ ಮಾತಿನ ಸಾರ. ಬ್ರಿಟನ್ನಿನ ಹಣಕಾಸು ಸಚಿವರನ್ನು ಇಂದಿಗೂ 'ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್' ಎಂದೇ ಕರೆಯುತ್ತಾರೆ.

ಇನ್ನೊಂದು ಕಡೆ 'ಚೆಕ್' ಎಂಬ ಕೂಗಿನ ಅರ್ಥವೂ ಹಿಗ್ಗಿತು. ರಾಜನಿಗೆ ಎಚ್ಚರಿಕೆ ಎಂಬುದು ಮೊದಲು 'ತಡೆ' ಎಂದಾಯಿತು. ತಡೆಯಿಂದ 'ಹತೋಟಿ', ಹತೋಟಿಯಿಂದ 'ತಾಳೆ ನೋಡುವುದು'. ಹದಿನೆಂಟನೆಯ ಶತಮಾನದಲ್ಲಿ ಹಣದ ಆದೇಶಪತ್ರಗಳಲ್ಲಿ ಮೋಸ ತಡೆಯಲು ಇಟ್ಟುಕೊಳ್ಳುತ್ತಿದ್ದ ಪ್ರತಿತುಂಡಿಗೆ 'ಚೆಕ್' ಎಂಬ ಹೆಸರು ಬಂತು. ಕ್ರಮೇಣ ಹೆಸರು ತುಂಡಿನಿಂದ ಪತ್ರಕ್ಕೇ ದಾಟಿತು. ಬ್ರಿಟಿಷರು 'ಎಕ್ಸ್‌ಚೆಕರ್' ಪದದ ಜಾಡಿನಲ್ಲಿ ಅದರ ಕಾಗುಣಿತ ಬದಲಿಸಿದರು. ಅಮೆರಿಕನ್ನರು ಹಳೆಯ ಕಾಗುಣಿತವನ್ನೇ ಉಳಿಸಿಕೊಂಡರು. ಫ್ರೆಂಚರು ಈ ಹೊಸ ಪದವನ್ನು ಇಂಗ್ಲಿಷಿನಿಂದ ಪಡೆದರು.

'ಸಕ್' ಎಂಬ ಇನ್ನೊಂದು ದಾರಿ

ಪಾರಸಿ ಮಾತಾಡುವ ಅನೇಕರು ಇಷ್ಟು ದೂರದ ಸುತ್ತನ್ನು ಒಪ್ಪುವುದಿಲ್ಲ. ಚೆಕ್ ನೇರವಾಗಿ ತಮ್ಮದೇ ಪದ ಎಂಬುದು ಅವರ ವಾದ. ಅದಕ್ಕೆ ಆಧಾರವೂ ಇಲ್ಲದಿಲ್ಲ. ಹಳೆಯ ಪಾರಸಿಯಲ್ಲಿ 'ಚಕ್' ಎಂದರೆ ಕರಾರುಪತ್ರ, ದಸ್ತಾವೇಜು. ಅರಬ್ಬಿಯಲ್ಲಿ 'ಚ' ಇಲ್ಲದ ಕಾರಣ ಅದು 'ಸಕ್' ಆಯಿತು. ಅರಬ್ ವ್ಯಾಪಾರಿಗಳು ಸಾವಿರ ವರ್ಷಗಳ ಹಿಂದೆಯೇ 'ಸಕ್' ಬಳಸುತ್ತಿದ್ದರು. ಹತ್ತನೆಯ ಶತಮಾನದ ಪ್ರವಾಸಿ ಇಬ್ನ್ ಹೌಕಲ್, ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಔದಗುಸ್ತ್ ಪಟ್ಟಣದಲ್ಲಿ 42,000 ದಿನಾರುಗಳ ಒಂದು 'ಸಕ್' ಕಂಡದ್ದಾಗಿ ಬರೆದಿದ್ದಾನೆ. ಅದು ಮರುಭೂಮಿಯ ಆಚೆಯ ಸಿಜಿಲ್‌ಮಾಸಾದ ವ್ಯಾಪಾರಿಗೆ ಸಂಬಂಧಿಸಿದ ಸಾಲಪತ್ರ.

ಹಾಗಾದರೆ ಯುರೋಪಿನ ಚೆಕ್ 'ಸಕ್'ನಿಂದ ಬಂದಿರಬಾರದೇಕೆ? ಧ್ವನಿ ಹೋಲುತ್ತದೆ, ಅರ್ಥವೂ ಹೋಲುತ್ತದೆ. ಆದರೆ ಹೋಲಿಕೆ ಮಾತ್ರ ಸಾಕ್ಷಿಯಾಗಲಾರದು. ಪಾರಸಿಯ 'ಮಾತ್' ಕನ್ನಡದ 'ಮಾತು' ಎಂಬುದಕ್ಕೆ ಎಷ್ಟು ಹತ್ತಿರವಾಗಿ ಕೇಳಿಸುತ್ತದೆ! ಮಾತಿನಲ್ಲಿ ಸೋಲಿಸಿದರೆ ಎದುರಾಳಿ 'ಮಾತ್' ಆಗುತ್ತಾನೆ ಎಂದು ಕಥೆಯನ್ನೂ ಕಟ್ಟಬಹುದು. ಆದರೂ ಎರಡು ಪದಗಳಿಗೂ ಯಾವ ನಂಟೂ ಇಲ್ಲ. ಪದದ ವಂಶಾವಳಿ ಹೇಳಬೇಕಾದರೆ ಅದು ಒಂದು ಊರಿನಿಂದ ಇನ್ನೊಂದು ಊರಿಗೆ ನಡೆದ ಹೆಜ್ಜೆಗುರುತು ಬರಹದಲ್ಲಿ ಸಿಗಬೇಕು. 'ಶಾಹ್' ಪದ ಇಂಗ್ಲೆಂಡ್ ತಲುಪಿದ ಹೆಜ್ಜೆಗಳು ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಬರಹಗಳಲ್ಲಿ ಸಾಲಾಗಿ ಇವೆ. 'ಸಕ್' ಪದಕ್ಕೆ ಆ ಸಾಲು ಇಲ್ಲ. ಹೀಗಾಗಿ ಇಂಗ್ಲಿಷಿನ ಪ್ರಮುಖ ನಿಘಂಟುಗಳು ಮೊದಲನೆಯ ದಾರಿಯನ್ನೇ ಹಿಡಿದಿವೆ.

ವಿಚಿತ್ರವೆಂದರೆ ವಾದದಲ್ಲಿ ಯಾರು ಗೆದ್ದರೂ ಪಾರಸಿಗೆ ಸೋಲಿಲ್ಲ. ಒಂದು ದಾರಿ 'ಚಕ್'ನಿಂದ ಹೊರಡುತ್ತದೆ, ಇನ್ನೊಂದು 'ಶಾಹ್'ನಿಂದ. ಎರಡೂ ಇರಾನಿನ ಪದಗಳೇ.

ಬ್ಯಾಂಕಿನ ಜೊತೆ ಮರಳಿ ಮನೆಗೆ

1889ರಲ್ಲಿ ಇರಾನಿನ ದೊರೆ ನಾಸಿರುದ್ದೀನ್ ಶಾಹ್ ನೀಡಿದ ಪರವಾನಗಿಯಂತೆ ಬ್ಯಾರನ್ ಜೂಲಿಯಸ್ ಡಿ ರಾಯಿಟರ್ ಎಂಬಾತ 'ಇಂಪೀರಿಯಲ್ ಬ್ಯಾಂಕ್ ಆಫ್ ಪರ್ಷಿಯಾ' ಸ್ಥಾಪಿಸಿದ. ಸುದ್ದಿಸಂಸ್ಥೆಯ ಹೆಸರಿನಿಂದ ಪತ್ರಿಕಾ ಓದುಗರಿಗೆ ಪರಿಚಿತನಾದ ರಾಯಿಟರ್ ಈತನೇ. ನೋಟು ಅಚ್ಚು ಹಾಕುವ ಹಕ್ಕೂ ಈ ಬ್ರಿಟಿಷ್ ಬ್ಯಾಂಕಿಗೆ ಸಿಕ್ಕಿತು. ಜನ ಅದನ್ನು 'ಬಾಂಕೆ ಶಾಹಿ' ಎಂದು ಕರೆದರು. ಹೀಗೆ 'ಶಾಹ್' ಮತ್ತು ಅವನ ದೂರದ ವಂಶಸ್ಥ 'ಚೆಕ್', ಪರಸ್ಪರ ಗುರುತು ಹತ್ತದ ಇಬ್ಬರು ನೆಂಟರಂತೆ, ಒಂದೇ ಕಟ್ಟಡದಲ್ಲಿ ಭೇಟಿಯಾದರು.

ಸಾಲದ ಕಾಗದ ಇರಾನಿಗೆ ಹೊಸತಾಗಿರಲಿಲ್ಲ. ಹುಂಡಿಯಂಥ 'ಬರಾತ್', ಸಾಲಪತ್ರವಾದ 'ಸಫ್ತೆ' ಅಲ್ಲಿ ಹಿಂದಿನಿಂದಲೂ ಇದ್ದವು, ಇಂದಿಗೂ ಇವೆ. ದೇಶದ ಸ್ವಂತ ಬ್ಯಾಂಕ್ 'ಬಾಂಕೆ ಮೆಲ್ಲಿ' 1928ರಲ್ಲಿ ಬಾಗಿಲು ತೆರೆಯಿತು. 1932ರ ವಾಣಿಜ್ಯ ಸಂಹಿತೆ ಬರಾತ್, ಸಫ್ತೆಗಳ ಜೊತೆಗೆ ಚೆಕ್ಕಿಗೂ ಜಾಗ ಕೊಟ್ಟಿತು. ಚೆಕ್ಕಿನ ಹಣ ಪಾವತಿಗೆ ವಾಯಿದೆ ಇರಕೂಡದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ.

ನಾಳೆಯ ತಾರೀಖಿನ ಕಾಗದ

ಬಜಾರು ಮಾಡಿದ್ದು ಅದಕ್ಕೆ ತದ್ವಿರುದ್ಧ. ಬೆಲೆ ಏರುತ್ತಲೇ ಇರುವ ದೇಶದಲ್ಲಿ, ಬ್ಯಾಂಕಿನ ಸಾಲ ಸುಲಭಕ್ಕೆ ಸಿಗದ ಚಿಕ್ಕ ವ್ಯಾಪಾರಿಗೆ ಮುಂದಿನ ತಾರೀಖಿನ ಚೆಕ್ಕೇ ಬಂಡವಾಳವಾಯಿತು. ಅಂಗಡಿಯವನು ಸಗಟು ವ್ಯಾಪಾರಿಗೆ, ಆತ ಕಾರ್ಖಾನೆಯವನಿಗೆ, ಹೀಗೆ ಚೆಕ್ಕುಗಳ ಸರಪಳಿ ಬೆಳೆಯಿತು. ಒಂದೇ ಚೆಕ್ಕಿನ ಹಿಂಬದಿಯಲ್ಲಿ ಸಹಿ ಹಾಕಿ ಕೈಯಿಂದ ಕೈಗೆ ದಾಟಿಸುವುದೂ ಇತ್ತು. ಸರಪಳಿಯಲ್ಲಿ ಒಬ್ಬನ ಖಾತೆ ಬರಿದಾದರೆ ಹಿಂದಿನವರೆಲ್ಲರೂ ತತ್ತರಿಸಬೇಕು. ಮನೆ ಬಾಡಿಗೆಗೆ, ಕೆಲಸಕ್ಕೆ ಜಾಮೀನಾಗಿ ಚೆಕ್ ಕೇಳುವ ರೂಢಿಯೂ ಬೆಳೆಯಿತು.

ಕಾನೂನು ಈ ರೂಢಿಯ ಹಿಂದೆ ಓಡುತ್ತಲೇ ಬಂದಿದೆ. 1976ರಲ್ಲಿ ಚೆಕ್ಕಿಗಾಗಿಯೇ ಪ್ರತ್ಯೇಕ ಕಾಯಿದೆ ಬಂತು. 1993, 2003, 2018ರಲ್ಲಿ ಅದಕ್ಕೆ ತಿದ್ದುಪಡಿಗಳಾದವು. ಹಣವಿಲ್ಲದ ಚೆಕ್ ಬರೆದವನಿಗೆ ಮೊತ್ತ ನೋಡಿ ಗರಿಷ್ಠ ಎರಡು ವರ್ಷ ಸೆರೆವಾಸ ವಿಧಿಸಬಹುದು. ವಾಯಿದೆಯ ಚೆಕ್, ಜಾಮೀನು ಚೆಕ್, ಬಿಳಿ ಸಹಿಯ ಚೆಕ್ಕುಗಳನ್ನು 2003ರ ತಿದ್ದುಪಡಿ ಕ್ರಿಮಿನಲ್ ಮೊಕದ್ದಮೆಯಿಂದ ಹೊರಗಿಟ್ಟಿತು. ಚೆಕ್ಕಿನ ಹಣವನ್ನು ಅದರ ಮೇಲಿನ ತಾರೀಖಿಗೆ ಮುಂಚೆ ಪಡೆಯುವಂತಿಲ್ಲ ಎಂದೂ ಹೇಳಿತು. ವಾಯಿದೆ ಇರಕೂಡದೆಂದು 1932ರಲ್ಲಿ ಹೇಳಿದ್ದ ಕಾನೂನು ಎಪ್ಪತ್ತು ವರ್ಷಗಳ ಮೇಲೆ ಬಜಾರಿನ ವಾಡಿಕೆಗೆ ತಲೆಬಾಗಿತು. ಆದರೆ ಹಣದ ತೀರ್ಪನ್ನು ತೀರಿಸಲಾಗದೆ ಜೈಲು ಸೇರುವ ಭಯ ಇದರಿಂದ ಪೂರ್ತಿ ತಪ್ಪಲಿಲ್ಲ.

ಈ ಪಾಡು ಭಾರತಕ್ಕೆ ಅಪರಿಚಿತವಲ್ಲ. ಇಲ್ಲಿ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಗೆ 1988ರಲ್ಲಿ ಸೇರಿಸಿದ 138ನೆಯ ಕಲಮು ಚೆಕ್ ಬೌನ್ಸನ್ನು ಅಪರಾಧವೆಂದಿತು. ಗರಿಷ್ಠ ಶಿಕ್ಷೆ ಇಲ್ಲಿಯೂ ಈಗ ಎರಡು ವರ್ಷ. ನ್ಯಾಯಾಲಯಗಳ ಅಂಗಳದಲ್ಲಿ 'ಚೆಕ್ ಬೌನ್ಸ್ ಕೇಸು' ಎಂಬ ಮಾತು ಕೇಳದ ಕನ್ನಡಿಗ ವಿರಳ.

2018ರ ತಿದ್ದುಪಡಿಯ ಮೇರೆಗೆ ಇರಾನಿನಲ್ಲಿ ಹೊಸ ವ್ಯವಸ್ಥೆ ಬಂತು. 2021ರ ಮಾರ್ಚಿನಿಂದ ಕೊಡತೊಡಗಿದ ಚೆಕ್ಕುಗಳ ಬಣ್ಣ ನೇರಳೆ. ಪ್ರತಿ ಹಾಳೆಗೂ 16 ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಬರೆದವನು ಅದನ್ನು 'ಸಯ್ಯಾದ್' ಎಂಬ ಕೇಂದ್ರ ದಾಖಲೆಯಲ್ಲಿ ನಮೂದಿಸಬೇಕು, ಪಡೆದವನು ಒಪ್ಪಿಗೆ ಸೂಚಿಸಬೇಕು. ಹಿಂಬದಿಯ ಸಹಿಯಿಂದಷ್ಟೇ ಅದನ್ನು ಇನ್ನೊಬ್ಬರಿಗೆ ದಾಟಿಸಲಾಗದು. ಚೆಕ್ ಬರೆಯುವವನ ಯೋಗ್ಯತೆಯನ್ನು ಬಿಳಿಯಿಂದ ಕೆಂಪಿನವರೆಗೆ ಐದು ಬಣ್ಣಗಳಲ್ಲಿ ತಿಳಿಯಬಹುದು. ಉದ್ದದ ಹೆಸರನ್ನು ಕುಗ್ಗಿಸಿ ಮಾಡಿದ 'ಸಯ್ಯಾದ್' ಎಂಬ ಪದಕ್ಕೆ ಪಾರಸಿಯಲ್ಲಿ 'ಬೇಟೆಗಾರ' ಎಂಬ ಅರ್ಥವೂ ಇದೆ! ಮುಖ ನೋಡಿ ನಂಬುತ್ತಿದ್ದ ಬಜಾರು ಈಗ ಬಣ್ಣ ನೋಡಿ ನಂಬಬೇಕಾಗಿದೆ.

ರಂಜಾನಿನ ದಿನಗಳಲ್ಲಿ ಇರಾನಿನ ಊರೂರುಗಳಲ್ಲಿ 'ಗುಲ್‌ರೀಜಾನ್' ಎಂಬ ಕೂಟ ನಡೆಯುತ್ತದೆ. ಪದದ ಅರ್ಥ ಹೂ ಚೆಲ್ಲುವುದು. ಸಾಲ ತೀರಿಸಲಾಗದೆ ಸೆರೆಮನೆಯಲ್ಲಿ ಇರುವವರನ್ನು ಬಿಡಿಸಲು ಜನ ಅಲ್ಲಿ ಹಣ ಕೂಡಿಸುತ್ತಾರೆ. ಹೀಗೆ ಬಿಡುಗಡೆಯಾಗುವವರಲ್ಲಿ ಚೆಕ್ ತಿರುಗಿ ಬಂದ ಕಾರಣಕ್ಕೆ ಒಳಗೆ ಹೋದವರೂ ಇರುತ್ತಾರೆ. ಬ್ಯಾಂಕು ಒಪ್ಪದ ಸಹಿಗೆ ನೆರೆಹೊರೆಯವರು ಹೊಣೆಯಾಗುವ ಪದ್ಧತಿ ಇದು.

ಮಣೆಯ ಮೇಲೆ ಉಳಿದ 'ಶಾಹ್'

ಇಷ್ಟೆಲ್ಲ ಸುತ್ತಿ ಬಂದ ಮೇಲೆ ಇನ್ನೊಂದು ತಮಾಷೆ ಬಾಕಿ ಇದೆ. ಜಗತ್ತಿಗೆ 'ಚೆಕ್' ಕೊಟ್ಟ ಇರಾನಿನಲ್ಲಿ ಇಂದು ಚದುರಂಗ ಆಡುವವರು ದಾಳಿಯ ಎಚ್ಚರಿಕೆಗೆ 'ಚೆಕ್' ಎನ್ನುವುದಿಲ್ಲ, 'ಶಾಹ್' ಎಂದೂ ಅನ್ನುವುದಿಲ್ಲ, 'ಕೀಶ್' ಎನ್ನುತ್ತಾರೆ. ಅಂಗಳದ ಕೋಳಿಯನ್ನು ಓಡಿಸಲು ಕೂಗುವುದೂ 'ಕೀಶ್' ಎಂದೇ. ಆಟ ಮುಗಿದರೆ 'ಕೀಶ್ ಒ ಮಾತ್'. 1979ರ ಕ್ರಾಂತಿ ಇರಾನಿನ ಕೊನೆಯ ಶಾಹನನ್ನು ಸಿಂಹಾಸನದಿಂದ ಇಳಿಸಿತು. ಆ ನಂತರ ಕೆಲವು ವರ್ಷ ಚದುರಂಗಕ್ಕೂ ನಿಷೇಧವಿತ್ತು. ಪಣ ಕಟ್ಟದೆ ಆಡಬಹುದೆಂದು 1988ರಲ್ಲಿ ಅಯತೊಲ್ಲಾ ಖೊಮೇನಿ ಅನುಮತಿ ಕೊಟ್ಟರು. ಸಿಂಹಾಸನದ ಶಾಹ್ ಹೋದರೂ ಮಣೆಯ ಮೇಲಿನ ಶಾಹ್ ಅದೇ ಹೆಸರಿನಲ್ಲಿ ಉಳಿದಿದ್ದಾನೆ.

ಪದಗಳಿಗೆ ಪಾಸ್‌ಪೋರ್ಟ್ ಇಲ್ಲ. ಅವು ಹೊರಟ ಊರನ್ನು ಮರೆತು ಹೋದ ಊರಿನವರೇ ಆಗುತ್ತವೆ. ಎಂದೋ ಒಂದು ದಿನ ಅತಿಥಿಯಂತೆ ಮರಳಿ ಬಂದು ಬಾಗಿಲು ತಟ್ಟುತ್ತವೆ. ಚೆಕ್ ಯಾರ ಪದ ಎಂಬ ವಾದ ವಿದ್ವಾಂಸರಿಗೆ ಮುಖ್ಯ. ಮುಂದಿನ ತಾರೀಖು ಹಾಕಿ ಸಹಿ ಮಾಡಿ ಕೊಟ್ಟ ಅಂಗಡಿಯವನಿಗೆ ಮುಖ್ಯವಾದದ್ದು ಬೇರೆ. ಆ ತಾರೀಖು ಬರುವಷ್ಟರಲ್ಲಿ ಖಾತೆಯಲ್ಲಿ ಹಣವಿರಬೇಕು. ಇಲ್ಲವಾದರೆ ಸಾವಿರ ವರ್ಷದ ಹಿಂದಿನ ಅರ್ಥವೇ ಮತ್ತೆ ನಿಜವಾಗುತ್ತದೆ: ದಾಳಿ ಬಂದಿದೆ, ತಪ್ಪಿಸಿಕೊಳ್ಳಲು ಮನೆ ಹುಡುಕಿಕೊ.